ತಾನೇ ಕೆತ್ತುವ ಯಂತ್ರವನ್ನು ಕಾಯುವುದು

ಗೊತ್ತಿಲ್ಲದ ಕೆಲಸವನ್ನು ಗೊತ್ತಿರುವವನಂತೆ ಮಾಡುವುದರಲ್ಲಿ ನನ್ನ ಕೈ ಚೆನ್ನಾಗಿ ಪಳಗಿದೆ. ಜಮಖಂಡಿಯ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಇದೇನೂ ಕಷ್ಟವಲ್ಲ. ಆದರೆ ಕಡತಗಳು ಗುಟ್ಟು ಬಿಟ್ಟುಕೊಡುವುದಿಲ್ಲ, ಯಂತ್ರ ಬಿಟ್ಟುಕೊಡುತ್ತದೆ. ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೆತ್ತುವ ಸಿಎನ್‌ಸಿ ಯಂತ್ರವನ್ನು ಬಿಡಿಬಿಡಿಯಾಗಿ ತರಿಸಿ, ವಿಡಿಯೊ ನೋಡಿ ನೋಡಿ ಹಿತ್ತಲ ಕೋಣೆಯಲ್ಲಿ ಜೋಡಿಸಿದೆ. ಜೋಡಿಸಿದ ಮೇಲೆ ಏಳು ಸ್ಕ್ರೂ ಉಳಿದವು. ಅವರು ಹೆಚ್ಚಿಗೆ ಕೊಟ್ಟಿದ್ದೋ ನಾನು ಮರೆತದ್ದೋ, ಇವತ್ತಿಗೂ ತಿಳಿದಿಲ್ಲ. ಮೊದಲು ಕೆತ್ತಿದ ನಾಮಫಲಕವನ್ನು ಕನ್ನಡಿಯಲ್ಲಿ ನೋಡಿದರೆ ಸರಿಯಾಗಿ ಓದಬಹುದು.

ಈ ಕೀರ್ತಿ ಹೇಗೋ ನಮ್ಮ ಹಳ್ಳಿ ತುಬಚಿಗೆ ಮುಟ್ಟಿತು. ನಮ್ಮಪ್ಪನ ಕಾಲದಲ್ಲಿ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ಕೂಡ್ರಿಸುತ್ತಿದ್ದ ಸಿದ್ದಪ್ಪ ಕಾಕಾ ಒಂದು ತೇಗದ ಹಲಗೆ ಹೊತ್ತುಕೊಂಡು ಬಂದರು.

"ನಮ್ಮಪ್ಪ ಕಟ್ಟಿದ ಮನಿ ಬಾಗಲದ್ದು ತಮ್ಮಾ. ಮನಿ ಬಿಚ್ಚಿದಿವಿ, ಇದೊಂದ ಉಳದೈತಿ. ಇದರಾಗ ನಮ್ಮ ಬೀರಪ್ಪ ದೇವರನ್ನ, ಬಾಜೂಕ ಒಂದು ಕುರೀನ ಕೆತ್ತಿಕೊಡು. ಗುಡ್ಯಾಗ ಇಡತೇನಿ."

ನನಗೆ ಬರುವುದಿಲ್ಲ ಎನ್ನಬೇಕಿತ್ತು. "ಆತ ಬಿಡ್ರಿ ಕಾಕಾ, ಮಷೀನ ತಾನ ಕೆತ್ತತೈತಿ" ಎಂದೆ.

ಬೀರಪ್ಪನ ನಕ್ಷೆಯೊಂದನ್ನು ಕಂಪ್ಯೂಟರಿಗೆ ಹಾಕಿ, ಭಾನುವಾರ ಬೆಳಿಗ್ಗೆ ಆರಕ್ಕೆ ಚಾಲೂ ಮಾಡಿದೆ. ಹನ್ನೊಂದು ತಾಸಿನ ಕೆಲಸ ಎಂದಿತು ಕಂಪ್ಯೂಟರ್. ಬಿಟ್ಟು ಏಳಬಾರದು ಎಂದು ವಿಡಿಯೊದವರು ಹೆದರಿಸಿದ್ದರು. ಹೆಂಡತಿ ಸುಮಿತ್ರಾ ಎರಡು ಸಲ ಇಣುಕಿದಳು.

"ಅದು ತಾನ ಕೆತ್ತತೈತಿ ಅಂದ್ರಿ. ಮತ್ತ ನೀವ್ಯಾಕ ಅದರ ಮುಂದ ಕುಂತೀರಿ?"

"ನೋಡಬೇಕಲ್ಲ."

"ಏನ ನೋಡತೀರಿ?"

ಅದೇ ನನಗೂ ತಿಳಿದಿರಲಿಲ್ಲ. ಯಂತ್ರದ ತಲೆ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಬರುತ್ತಿತ್ತು. ದೇವರ ಮೂಗು ಆಗುತ್ತಿದೆಯೋ ಪಕ್ಕದ ಕುರಿಯ ಕಿವಿಯೋ, ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಪರದೆಯ ಮೇಲಿನ ಅಂಕಿಗಳನ್ನು ಓದುತ್ತ ಕೂತೆ.

ಒಂಬತ್ತಕ್ಕೆ ಕಾಕಾ ಬಂದು ಪಕ್ಕದಲ್ಲಿ ಕೂತರು. ಪರದೆಯನ್ನು ವಿವರಿಸಲು ಹೋಗಿ ಅಡ್ಡ ಯಾವುದು, ಉದ್ದ ಯಾವುದು ಎಂದು ನಾನೇ ತಪ್ಪಿದೆ. ಅವರು ಆ ಕಡೆ ನೋಡಲೂ ಇಲ್ಲ. ಕಣ್ಣು ಅರೆಮುಚ್ಚಿ ಸುಮ್ಮನೆ ಕೂತಿದ್ದರು. ನಿದ್ದೆ ಬಂದಿದೆ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ತಟ್ಟನೆ ಕತ್ತು ಎತ್ತಿದರು.

"ತಮ್ಮಾ, ದನಿ ಬ್ಯಾರೆ ಆತು."

ನಾನು ಪರದೆ ನೋಡಿದೆ. "ಎಲ್ಲಾ ಸರಿ ಐತ್ರಿ ಕಾಕಾ. ಅರವತ್ತೆರಡು ಪರ್ಸೆಂಟ್ ಆಗೇತಿ."

"ಪರ್ಸೆಂಟ್ ಇರಲಿ. ಅದಕ್ಕೇನೋ ಆಗಾಕತ್ತೈತಿ. ನಿಲ್ಲಸೋ!"

ಗಾಬರಿಯಲ್ಲಿ ನಾನು ಕೋಣೆಯ ಫ್ಯಾನ್ ನಿಲ್ಲಿಸಿದೆ. ಅಷ್ಟರಲ್ಲಿ ಕಾಕಾನ ಅಂಗೈ ಯಂತ್ರದ ಕೆಂಪು ಗುಂಡಿಯ ಮೇಲೆ ಬಿತ್ತು.

ಕೆತ್ತುವ ಮೊನೆ, ಅಂದರೆ ಬಿಟ್, ತನ್ನ ಹಿಡಿತದಿಂದ ಸಡಿಲಾಗಿ ಕೆಳಗೆ ಜಾರಿತ್ತು. ಬೀರಪ್ಪನ ಹಣೆಯ ಮೇಲೆ ಬೆರಳುದ್ದದ ಗುಳಿ ಬಿದ್ದಿತ್ತು. ಮುರಿದ ಮನೆಯಿಂದ ಉಳಿದಿದ್ದ ಒಂದೇ ಹಲಗೆ ಅದು.

"ತಪ್ಪಾತ್ರಿ ಕಾಕಾ. ಬಿಗಿ ಮಾಡೀನಿ ಅಂದ್ಕೊಂಡಿದ್ದೆ."

ಕಾಕಾ ಹೆಬ್ಬೆರಳಿನಿಂದ ಗುಳಿಯನ್ನು ಸವರಿದರು. ಬೈದಿದ್ದರೆ ಹಗುರಾಗುತ್ತಿತ್ತು.

"ಕುರಿ ತಾವ ಮೇಯತಾವು ತಮ್ಮಾ. ನಾವು ಕುಂತಿರತೀವಿ. ಆದ್ರ ಒಂದು ಕುರಿ ಕೆಮ್ಮಿದ್ರೂ ತಿಳೀಬೇಕು. ನೀ ಆ ಕಂಪ್ಯೂಟರಿನ ಗಾಜ ನೋಡಾಕತ್ತಿದ್ದಿ" ಎಂದರು. ಆಮೇಲೆ ನಿಟ್ಟುಸಿರು ಬಿಟ್ಟು, "ಇರಲಿ, ಮುಂದ ಕೆತ್ತು. ಹಣಿಗೆ ಅರಿಷಿಣದ ಭಂಡಾರ ಹಚ್ಚೇ ಹಚ್ಚತೀವಿ. ಅಲ್ಲೇ ನಿಲ್ಲತೈತಿ."

ಬಿಟ್ ಬಿಗಿದು, ನಿಂತ ಜಾಗವನ್ನು ಯಂತ್ರಕ್ಕೆ ಮತ್ತೆ ಹೇಳಿಕೊಡುವಷ್ಟರಲ್ಲಿ ಮೂರು ಸಲ ಎಡವಟ್ಟು ಮಾಡಿದೆ. ಹೊತ್ತು ಮುಳುಗುವ ವೇಳೆಗೆ ಕೆಲಸ ಮುಗಿಯಿತು. ದೇವರ ತುಟಿಯಲ್ಲಿ ಸಣ್ಣ ನಗು ಇತ್ತು. ಅದು ನಕ್ಷೆಯಲ್ಲಿ ಇದ್ದದ್ದೋ, ಆಮೇಲೆ ಬಂದದ್ದೋ!

ಮುಂದಿನ ವಾರ ತುಬಚಿಯ ಗುಡಿಗೆ ಹೋದೆ. ಹಣೆಯ ಗುಳಿ ತುಂಬ ಹಳದಿ ಭಂಡಾರ ಎಷ್ಟು ಚೆಂದ ಕೂತಿತ್ತೆಂದರೆ, ಮುದುಕಿಯೊಬ್ಬರು ಕೈ ಮುಗಿದು, "ಭಂಡಾರ ನಿಲ್ಲೂ ಹಂಗ ಎಷ್ಟು ವಿಚಾರ ಮಾಡಿ ಕೆತ್ಯಾರ! ಯಾರ ಕೆತ್ತಿದ್ದು?" ಎಂದರು.

ನಾನು ಗಂಟಲು ಸರಿಮಾಡಿಕೊಂಡೆ.

"ಮಷೀನ ಕೆತ್ತೇತಿ, ನಾ ಕಾದೇನಿ" ಎಂದರು ಕಾಕಾ. ಅವರಿಗೆ ಸುಳ್ಳು ಬಾರದು.

"ಮತ್ತ ಇವರು?" ಎಂದು ಮುದುಕಿ ನನ್ನ ಕಡೆ ತಿರುಗಿದರು.

ಕಾಕಾ ನನ್ನನ್ನು ಪ್ರೀತಿಯಿಂದ ನೋಡಿದರು. ಏನಾದರೂ ಒಳ್ಳೆಯದು ಹೇಳಬೇಕೆಂದು ಅವರಿಗೂ ಇತ್ತು. ತುಸು ಹುಡುಕಾಡಿ ಹೇಳಿದರು: "ಇವರ ಮನ್ಯಾಗ ಕೆತ್ತೀವಿ."

ಅದು ಬಾಡಿಗೆ ಮನೆ ಎಂದು ನಾನು ಹೇಳಲು ಹೋಗಲಿಲ್ಲ.