ಮೈ ಕೊಡವದ ಟಗರು

ಇದನ್ನ ಯಾರಿಗೂ ಹೇಳ್ಬೇಡ ಅಂತ ದೊಡ್ಡಮ್ಮ ನನ್ ಕೈಲಿ ಪುಸ್ತಕ ಮುಟ್ಟಿಸಿ ಆಣೆ ಮಾಡಿಸ್ಕೊಂಡಿದ್ಲು. ನಾನೂ ಹೇಳೋಳಲ್ಲ, ಮನೆಗೆ ಯಾರಾದ್ರೂ ಬಂದ್ರೆ ಪುಸ್ತಕ ಹಿಡ್ಕೊಂಡು ರೂಮ್ ಸೇರ್ಕೊಳ್ಳೋಳು. ಆದ್ರೆ ಕಳವಾರ ಅನ್ನೋ ಊರಲ್ಲಿ ದೊಡ್ಡಮ್ಮನ ಶೆಡ್ಡಲ್ಲಿ ಇಂಥವು ನಡೀತಾನೇ ಇರ್ತಿದ್ವು. ಹಾಲು ಬತ್ತಿದ ಹಸು, ಯಾರಿಗೂ ಬೇಡದ ಗಂಡು ಕರು, ಫಾರಂ ಕೋಳಿ, ಎಲ್ಲಾನೂ ದೊಡ್ಡಮ್ಮ ಸಾಕೋಳು ಅಂತ ಅಲ್ಲಿಗೇ ಬರ್ತಿದ್ವು. ರಜಾ ಬಂದ್ರೆ ಹಾಸ್ಟೆಲಿಂದ ನಾನೂ.

೧. ನೋಡ್ಲಿಲ್ಲ

ನಮ್ ಕಡೆ ಹರಕೆ ಟಗರಿನ ಮೇಲೆ ತೀರ್ಥ ಹಾಕ್ತಾರೆ. ಅದು ಮೈ ಕೊಡವಿದ್ರೆ ದೇವಿ ಒಪ್ಪಿದ್ಲು ಅಂತ; ಆಮೇಲೆ ಕಡಿಯೋದು. ಪಕ್ಕದೂರಿನ ಯಜಮಾನ್ರೊಬ್ರ ಟಗರು ಕೊಡವಲೇ ಇಲ್ಲ. ಮಧ್ಯಾಹ್ನದ ತನಕ ಚೊಂಬು ಚೊಂಬು ನೀರು ಹಾಕಿದ್ರೂ ಸುಮ್ನೆ ನಿಂತು ಕೊರಳಿನ ಹಾರ ತಿಂತಂತೆ. ನೆಂಟರೆಲ್ಲಾ ಹಸಿದು ಹೋಟೆಲಲ್ಲಿ ಚಿತ್ರಾನ್ನ ತಿಂದ್ರಂತೆ.

ಯಜಮಾನ್ರು ಅದನ್ನ ದೊಡ್ಡಮ್ಮನ ಗೇಟಿಗೆ ಕಟ್ಟಿದ್ರು. "ಇಲ್ಲೇ ಇರ್ಲಿ ಕಣಮ್ಮ. ಮೈ ಕೊಡವಿದ ದಿನ ಹೇಳ್ಕಳಿಸು, ಹೊಡ್ಕೊಂಡು ಹೋಗ್ತೀವಿ."

ಮಾರನೇ ಬೆಳಗ್ಗೆ ಬಾಗಿಲು ದುಮ್ ದುಮ್ ಅಂತು. ದೊಡ್ಡಮ್ಮ ಚೊಂಬು ಹಿಡ್ಕೊಂಡೇ ತೆಗೆದ್ಲು. ಟಗರು ಗೇಟಿನ ಹಗ್ಗ ಕಿತ್ಕೊಂಡು ಬಂದು ತಲೇಲಿ ಗುದ್ತಾ ಇತ್ತು. ಹೊಸ್ತಿಲಿಗೆ ಹಾಕಿದ ನೀರು ಅದರ ಬೆನ್ನಿಗೆ ಎರಡು ಹನಿ ಬಿತ್ತು. ಕೊಂಬಿಂದ ಬಾಲದ ತನಕ ಚೆನ್ನಾಗಿ ಕೊಡವ್ತು.

"ನೀನೇನಾದ್ರೂ ನೋಡಿದ್ಯೇನೇ?" ಅಂದ್ಲು ದೊಡ್ಡಮ್ಮ.

"ಇಲ್ಲ."

"ನಾನೂ ನೋಡ್ಲಿಲ್ಲ."

ಆಮೇಲೇ ಆ ಆಣೆ. ಅವತ್ತಿಂದ ದಿನಾ ಬೆಳಗ್ಗೆ ಅದು ಬಂದು ಬಾಗಿಲು ಗುದ್ದೋದು, ದೊಡ್ಡಮ್ಮ ಚೊಂಬು ಹಿಡ್ಕೊಂಡು ತೆಗೆಯೋಳು.

೨. ಕ್ರೇಟು

ಫಾರಂ ಕೋಳಿ ಹನ್ನೆರಡು ಬಂದ್ವು. ಹುಟ್ಟಿದಾಗಿಂದ ಪಂಜರದಲ್ಲೇ ಇದ್ದವು. ಅಂಗಳಕ್ಕೆ ಬಿಟ್ರೆ ಇಳಿಸಿದ ಜಾಗದಲ್ಲೇ ನಿಂತ್ಕೊಂಡ್ವು. ಸಂಜೆ ದೊಡ್ಡಮ್ಮ ಖಾಲಿ ಟೊಮೇಟೊ ಕ್ರೇಟು ಒಂದು ಇಟ್ಲು. ಹನ್ನೆರಡೂ ಅದೊಂದರಲ್ಲೇ ತುರುಕ್ಕೊಂಡು ಕಣ್ಮುಚ್ಚಿದ್ವು.

"ನಿಮ್ ಹಾಸ್ಟೆಲ್ ಥರಾನೇ ಇದೆ ನೋಡು," ಅಂದ್ಲು.

೩. ಕೊಡೆ

ಮಳೆ ಬಂದ್ರೆ ಟಗರು ಕೊಡವುತ್ತಲ್ಲ. ಹನಿ ಬಿದ್ದ ತಕ್ಷಣ ನಾನೂ ದೊಡ್ಡಮ್ಮನೂ ಓಡಿ ಅದನ್ನ ಅಡುಗೆಮನೆಗೆ ತಳ್ತಿದ್ವಿ. ಒಂದಿನ ದೊಡ್ಡಮ್ಮ ಇಲ್ದಾಗಲೇ ಯಜಮಾನ್ರು ಬಂದ್ರು, ಮಳೆಯೂ ಬಂತು. ತಳ್ಳಿದ್ರೂ ಟಗರು ನಿಂತ ಜಾಗ ಬಿಡ್ಲಿಲ್ಲ. ನಾನು ಕೊಡೆ ಬಿಚ್ಚಿ ಅದಕ್ಕೆ ಹಿಡಿದು, ನಾನೇ ನೆನ್ಕೊಂಡು ನಿಂತೆ.

"ಏಮಮ್ಮಾ, ಟಗರಿಗೆ ಕೊಡೆನಾ?"

ಅವರ ಹತ್ರ ಮೊದಲನೇ ಸಲ ಬಾಯಿ ಬಿಟ್ಟೆ. "ನೆಗಡಿ ಆಗಿದೆ."

"ಅದಕ್ಕಾ, ನಿಂಗಾ?" ಅಂದ್ರು. ಅಷ್ಟರಲ್ಲಿ ನಾನೇ ಸೀನಿದೆ.

೪. ವ್ಯಾನು

ಹೋದ ತಿಂಗಳು ದೊಡ್ಡಮ್ಮ ತೀರ್ಕೊಂಡ್ಲು. ಅಮ್ಮನಿಗೆ ಚಿಂತಾಮಣೀಲಿ ಕೆಲಸ, ನಂಗೆ ಹಾಸ್ಟೆಲ್ಲು. ಗೌರಿಬಿದನೂರು ಕಡೆ ಇಂಥದ್ದೇ ದೊಡ್ಡ ಜಾಗ ಇದೆ, ಅವರು ಎಲ್ಲಾನೂ ಸಾಕ್ತೀವಿ ಅಂದ್ರು. ಟಗರು ಮಾತ್ರ ಬೇರೆಯವರ ಹರಕೇದು, ಅವರನ್ನ ಕೇಳ್ಬೇಕು ಅಂದ್ರು.

ವ್ಯಾನ್ ಬಂದ ದಿನ ಯಜಮಾನ್ರೂ ಬಂದ್ರು. ಕೈಲಿ ಹಗ್ಗ ಇತ್ತು. ತುಂತುರು ಶುರುವಾಯ್ತು. ನನ್ ಹತ್ರ ಕೊಡೆ ಇರ್ಲಿಲ್ಲ. ಟಗರು ಅವರ ಎದುರಿಗೇ ನಿಂತು ಕೊಡವ್ತು. ಹನಿ ಅವರ ಪಂಚೆಗೂ ಹಾರ್ತು.

ಅವರು ಮುಖ ತಿರುಗಿಸಿ ಬೆಟ್ಟ ನೋಡ್ತಾ ನಿಂತ್ರು. "ಮೋಡ ನೋಡ್ತಿದ್ದೆ ಕಣಮ್ಮ," ಅಂದ್ರು. "ಏನಾದ್ರೂ ಆಯ್ತಾ?"

"ಇಲ್ಲ," ಅಂದೆ.

"ಹಂಗಾದ್ರೆ ಕರ್ಕೊಂಡು ಹೋಗ್ಲಿ. ನೆಗಡಿ ಆದೀತು, ಹುಷಾರು."

ಕೋಳಿಗಳು ಅವುಗಳ ಕ್ರೇಟಲ್ಲೇ ಹೋದ್ವು. ಕರುಗಳೂ ಹತ್ತಿದ್ವು. ಟಗರು ಮಾತ್ರ ಹಗ್ಗ ಕಿತ್ಕೊಂಡು ಬಾಗಿಲಿಗೆ ಓಡ್ತು. ದುಮ್ ದುಮ್.

ಡ್ರೈವರು ವ್ಯಾನಿಂದಲೇ ಕೂಗಿದ, "ಒಳಗೆ ಯಾರಿದಾರೋ ಸ್ವಲ್ಪ ಬರೋಕೆ ಹೇಳ್ರಪ್ಪ. ಇದು ಅವರಿಗೆ ಹೇಳ್ದೆ ಹೊರಡಲ್ಲ ಅಂತಿದೆ."

ಟಗರು ಎರಡು ಹೆಜ್ಜೆ ಹಿಂದೆ ಬಂದು, ಚೊಂಬಿನ ನೀರು ಬೀಳೋ ಜಾಗದಲ್ಲಿ ನಿಂತು ಕಾಯ್ತು. ಆಮೇಲೆ ಮತ್ತೆ ಹೋಗಿ ಗುದ್ತು.