ನಾಣ್ಯದಷ್ಟು ಜಾಗ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಅಳಿಯ ಕಾರಿನ ಕೀಲಿ ತಿರುಗಿಸಿದ. ಎಂಜಿನ್ ಎದ್ದಿತು. ಜೊತೆಯಲ್ಲೇ ಸ್ಪೀಕರುಗಳೂ ಎದ್ದು 'ಗುಂಯ್' ಎಂದವು. ಕೊಡದೊಳಗೆ ಸಿಕ್ಕಿಬಿದ್ದ ದುಂಬಿಯೊಂದು ತನ್ನ ಸಂಕಟವನ್ನು ಬೀದಿಗೆಲ್ಲ ಹೇಳಿಕೊಳ್ಳುವಂಥ ದನಿ. ಆಕ್ಸಿಲರೇಟರ್ ಮೇಲೆ ಕಾಲಿಟ್ಟ. ದುಂಬಿ ದನಿ ಏರಿಸಿತು. ಕಾಲು ತೆಗೆದ, ಇಳಿಸಿತು. ಎಂಜಿನ್ ಆರಿಸಿ ಸ್ಟೀರಿಯೋ ಮಾತ್ರ ಹಚ್ಚಿದ. ಪದ್ಯ ಓದುವ ಹಿರಿಯ ಗಮಕಿಯೊಬ್ಬರ ಕಂಠ ತಿಳಿನೀರಿನಂತೆ ಹರಿದು ಬಂತು. ಎಂಜಿನ್ ಹಚ್ಚಿದ. ಮತ್ತೆ ದುಂಬಿ.

ಹಿಂದಿನ ದಿನ ಮಧ್ಯಾಹ್ನವಿಡೀ ಡಿಕ್ಕಿಯಲ್ಲಿ ಮಂಡಿಯೂರಿ, ತಗ್ಗು ದನಿಗಳಿಗೆಂದೇ ಇರುವ ಸಬ್‌ವೂಫರಿನ ಪೆಟ್ಟಿಗೆಯನ್ನೂ ಆಂಪ್ಲಿಫೈಯರನ್ನೂ ಕೂರಿಸಿದವನು ಅವನೇ. ಎಂಜಿನ್ ಹಚ್ಚದೆ ಕೇಳಿ ನೋಡಿ, ತನ್ನ ಕೈಗುಣಕ್ಕೆ ತಾನೇ ಮೆಚ್ಚಿ, ಡಿಕ್ಕಿ ಮುಚ್ಚಿ ಒಳಗೆ ಹೋಗಿದ್ದ.

ಕಾರು ಅವನದಲ್ಲ, ಮಾವನದು. ಮಾವ ಮೂವತ್ತು ವರ್ಷ ಬಸ್ ಡಿಪೋದಲ್ಲಿ ಬಸ್ಸುಗಳಿಗೆ ಬಣ್ಣ ಬಳಿದವರು. ನಿವೃತ್ತರಾದ ಮೇಲೆ ಕೈಗೆ ಬಸ್ಸು ಸಿಗದೆ, ಸ್ವಂತ ಕಾರಿಗೇ ಏಳು ಕೋಟು ಬಳಿದಿದ್ದರು. ಹೊರಮೈಗೆ ಮಾತ್ರವಲ್ಲ, ಬಾನೆಟ್ಟಿನ ಒಳಮೈ, ಡಿಕ್ಕಿಯ ತಳ, ಸೀಟಿನಡಿಯ ಬೋಲ್ಟು, ಬೋಲ್ಟಿನ ಕುತ್ತಿಗೆ, ಒಂದನ್ನೂ ಬಿಟ್ಟಿರಲಿಲ್ಲ. ತುಕ್ಕೇನಾದರೂ ಬಂದರೆ ಕೂರಲು ಜಾಗ ಹುಡುಕಿ ಹುಡುಕಿ, ಸುಸ್ತಾಗಿ ಪಕ್ಕದ ಮನೆಯ ಸೈಕಲ್ಲಿಗೆ ಹೋಗಬೇಕು, ಹಾಗೆ. ಆ ಬಣ್ಣ ನವಿಲಿನ ಕೊರಳಿನದು ಎಂದು ಮಾವ ಹೇಳುತ್ತಿದ್ದರು. ಉಳಿದವರು ಏನೂ ಹೇಳುತ್ತಿರಲಿಲ್ಲ.

ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ನಿಲ್ಲಿಸಿದ ದಿನ ಅವರು ಕೀಲಿಯನ್ನು ಅಳಿಯನ ಕೈಗಿತ್ತು, "ಓಡಿಸಿ ಅಳಿಯಂದ್ರೇ, ಬೇಡ ಅನ್ನಲ್ಲ. ಆದ್ರೆ ಬಣ್ಣದ ಮೇಲೆ ಒಂದು ಗೀರು ಬಿತ್ತೋ, ಅವತ್ತೇ ಕೀಲಿ ವಾಪಸ್ಸು" ಎಂದಿದ್ದರು. ಕೀಲಿ ವಾಪಸ್ಸು ಎಂದರೆ ಲೈಬ್ರರಿಯ ಕೆಲಸಕ್ಕೆ ಮತ್ತೆ ದಿನಕ್ಕೆರಡು ಬಸ್ಸು. ಎರಡರಲ್ಲೂ ಕಂಬ ಹಿಡಿದು, ಪರರ ಮೊಣಕೈಯನ್ನು ಪಕ್ಕೆಯಲ್ಲಿಟ್ಟುಕೊಂಡು ನಿಲ್ಲುವುದು.

ಹಾಗಿದ್ದ ಮೇಲೆ ಈ ಸಬ್‌ವೂಫರಿನ ಉಸಾಬರಿ ಯಾಕೆ? ಅದಕ್ಕೂ ಮಾವನೇ ಕಾರಣ. ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯುವಾಗ, ಕಾರಿನಲ್ಲಿ ಆ ಗಮಕಿಯ ಪದ್ಯ ಕೇಳುತ್ತ ಅವರು ನಿಟ್ಟುಸಿರಿಟ್ಟಿದ್ದರು. "ಇವರ ದನಿ ತಗ್ಗಿಗೆ ಇಳಿಯೋ ಕಡೆಯೆಲ್ಲ ಬಾವಿಗೆ ಬಿದ್ದ ಹಾಗೆ ಮಾಯ ಆಗತ್ತೆ. ಮೊದಲು ಎದುರಿಗೆ ಕೂತು ಕೇಳಿದಾಗ ಎದೆ ನಡುಗ್ತಿತ್ತು." ಈ ಮಾತು ಅಳಿಯನ ಮನಸ್ಸಿನಲ್ಲಿ ಮೊಳೆಯಂತೆ ನಾಟಿತು. ಅಂಗಡಿಯವನ ಕೈಗೆ ಕಾರು ಕೊಟ್ಟರೆ ಮೊದಲ ಕೆಲಸವಾಗಿ ತೂತು ಕೊರೆಯುತ್ತಾನೆಂದು ಹೆದರಿ, ಸಾಮಾನು ತಂದು ತಾನೇ ಕೂರಿಸಿದ್ದ.

"ರೀ, ಏನದು ಸದ್ದು?" ಹೆಂಡತಿ ಬಾಗಿಲಿಗೆ ಬಂದಳು.

"ಏನಿಲ್ಲ. ಸ್ವಲ್ಪ ಗುಂಯ್ ಅಂತಿದೆ."

"ನಾಲ್ಕು ಗಂಟೆಗೆ ಅಪ್ಪನ ಪಟ್ಟಿ ಬಿಚ್ತಾರೆ. ನಾನು ನಿನ್ನೆನೇ ಫೋನಲ್ಲಿ ಎಲ್ಲ ಹೇಳ್ಬಿಟ್ಟಿದೀನಿ. ಕಣ್ಣು ಬಂದ ತಕ್ಷಣ ಮೊದಲು ಕಾರು ನೋಡ್ತಾರಂತೆ. ಆಮೇಲೆ ದನಿ ಕೇಳ್ತಾರಂತೆ."

"ನಿಮ್ಮಮ್ಮನ್ನ ಯಾವಾಗ ನೋಡ್ತಾರಂತೆ?"

"ಅದೂ ಆಮೇಲೇನೇ. ಅಮ್ಮ ಏನೂ ಅಂದ್ಕೊಂಡಿಲ್ಲ."

ಅಷ್ಟರಲ್ಲಿ ಮಹಡಿಯಿಂದ ನಿವೃತ್ತ ಲೈನ್‌ಮನ್ ಇಳಿದು ಬಂದರು. ಅವರ ಅಂಗಿಯ ಜೇಬಿನಲ್ಲಿ ಟೆಸ್ಟರು ಸದಾ ಇರುತ್ತಿತ್ತು. ಮದುವೆ ಮನೆಗೆ ಹೋದರೂ ಒಂದೆರಡು ಪ್ಲಗ್ಗು ಮುಟ್ಟಿ ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ. ಡಿಕ್ಕಿಯೊಳಗೆ ತಲೆ ಹಾಕಿ, "ಬ್ಯಾಟರಿ ತಂತಿ, ಹಾಡಿನ ತಂತಿ ಎರಡನ್ನೂ ಒಟ್ಟಿಗೆ ತಂದಿದೀರಲ್ಲ ಮಾರಾಯ್ರೇ! ಜಗಳ ಆಡದೆ ಇನ್ನೇನು ಮಾಡ್ತವೆ? ಒಂದನ್ನ ಎಡಗಡೆಯಿಂದ ತನ್ನಿ, ಇನ್ನೊಂದನ್ನ ಬಲಗಡೆಯಿಂದ" ಎಂದರು.

ಮಾತಿನಲ್ಲಿ ಅರ್ಥವಿತ್ತು. ಸೀಟು ಬಿಚ್ಚಿ, ಮ್ಯಾಟು ಎಬ್ಬಿಸಿ, ಹಾಡಿನ ತಂತಿಯನ್ನು ಬಲಕ್ಕೆ ತರುವ ಹೊತ್ತಿಗೆ ಹನ್ನೊಂದಾಯಿತು. ಎಂಜಿನ್ ಹಚ್ಚಿದರು. ದುಂಬಿ, ಮೊದಲಿಗಿಂತ ತುಸು ವಿಶ್ರಾಂತಿ ಪಡೆದ ದನಿಯಲ್ಲಿ, 'ಗುಂಯ್' ಎಂದಿತು.

"ಅಯ್ಯೋ, ನಿಲ್ಲಿಸ್ಬೇಡಿ!" ಎದುರು ಮನೆಯ ಸಂಗೀತದ ಟೀಚರಮ್ಮ ಕೈಯಲ್ಲಿ ಸೌಟು ಹಿಡಿದೇ ಓಡಿ ಬಂದರು. "ಇನ್ನೊಂಚೂರು ಒತ್ತಿ... ಇನ್ನೊಂಚೂರು... ಹಾಂ, ಅಲ್ಲೇ! ಎಂಥಾ ಶುದ್ಧ ಪಂಚಮ! ನನ್ನ ಶಿಷ್ಯರಲ್ಲಿ ಒಬ್ಬರಿಗಾದ್ರೂ ಬರಬಾರದಾ? ಅರ್ಧ ಗಂಟೆ ಕಾಲು ಹಾಗೇ ಇಟ್ಕೊಂಡಿರ್ತೀರಾ? ಈಗ ಪಾಠ ಇದೆ."

"ಅಮ್ಮಾ, ಇದು ಹೋಗ್ಬೇಕು ಅಂತ ಒದ್ದಾಡ್ತಿದೀನಿ."

"ಬರೋ ಶ್ರುತಿನ ಯಾರಾದ್ರೂ ಓಡಿಸ್ತಾರೇನ್ರೀ?" ಎಂದು ನೊಂದುಕೊಂಡು, ಹೋಗಲಿಲ್ಲ, ಅಲ್ಲೇ ನಿಂತರು.

ಲೈನ್‌ಮನ್ನರಿಗೆ ಈಗ ಪ್ರೇಕ್ಷಕರು ಸಿಕ್ಕಿದ್ದರು. "ಬ್ಯಾಟರಿ ಕಡೆ ನೋಡೋಣ" ಎಂದು ಬಾನೆಟ್ಟಿಗೆ ಕೈ ಹಾಕಿದರು. ಅವರ ಸ್ಪ್ಯಾನರು ಮುಟ್ಟಬಾರದ ಎರಡು ಕಡೆಯನ್ನು ಒಟ್ಟಿಗೆ ಮುಟ್ಟಿತು. ಚಟ್ ಎಂದಿತು. ಒಂದು ನೀಲಿ ಕಿಡಿ ಹಾರಿತು. ಆಮೇಲೆ ಸಂಪೂರ್ಣ ಶಾಂತಿ.

"ಸದ್ದು ಹೋಯ್ತು ನೋಡಿ" ಎಂದರು ಲೈನ್‌ಮನ್.

ಸದ್ದು ಹೋಗಿತ್ತು. ಪದ್ಯವೂ ಹೋಗಿತ್ತು. ಫ್ಯೂಸು ಸುಟ್ಟಿತ್ತು. ಪೆಟ್ಟಿಗೆಯ ಜೊತೆ ಒಂದು ಫ್ಯೂಸು ಹೆಚ್ಚಿಗೆ ಕೊಟ್ಟಿದ್ದ ಅಂಗಡಿಯವನನ್ನು ಮನಸಾರೆ ಹರಸಿ ಅದನ್ನು ಹಾಕಿದ ಅಳಿಯ, ಆ ಪುಣ್ಯಾತ್ಮನಿಗೇ ಫೋನು ಮಾಡಿದ. ಆಗ ಒಂದೂವರೆ.

"ಎಂಜಿನ್ ಜೊತೆ ಏರತ್ತೆ, ಇಳಿಯತ್ತೆ ಅಂತೀರಿ. ಅರ್ತ್ ತಂತಿ ಎಲ್ಲಿಗೆ ಕೊಟ್ಟಿದೀರಾ?"

"ಡಿಕ್ಕಿ ತಳದಲ್ಲಿ ಒಂದು ಬೋಲ್ಟ್ ಇತ್ತು, ಅದಕ್ಕೇ."

"ಬಣ್ಣ ಕೆರೆದ್ರಾ?"

ಅಳಿಯ ಡಿಕ್ಕಿಯ ಕಡೆ ತಿರುಗಿ ನೋಡಿದ.

"ಸಾರ್, ಅರ್ತ್ ತಂತಿ ಬರೀ ಲೋಹಕ್ಕೆ ಮುಟ್ಟಬೇಕು. ಬಣ್ಣದ ಮೇಲೆ ಅರ್ತ್ ಕೊಡೋದು ಅಂದ್ರೆ ರೈನ್‌ಕೋಟ್ ಹಾಕ್ಕೊಂಡು ಸ್ನಾನಕ್ಕೆ ಕೂತ ಹಾಗೆ. ಒಂದು ನಾಣ್ಯದಷ್ಟು ಜಾಗ ಕೆರೆದು, ತಂತಿ ಬಿಗಿದುಬಿಡಿ."

"ಕೆರೆಯೋದು ಬಿಟ್ಟು ಬೇರೇನಾದ್ರೂ ಹೇಳಿ."

"ಬೇರೇನು ಹೇಳ್ಲಿ? ನಂಬಿಕೆ ಇಲ್ದಿದ್ರೆ ಬ್ಯಾಟರಿ ಮೈನಸ್ಸಿಂದ ಒಂದು ಜಂಪರ್ ಕೇಬಲ್ ಎಳೆದು ಆಂಪ್ಲಿಫೈಯರಿಗೆ ಮುಟ್ಟಿಸಿ ನೋಡಿ. ಸದ್ದು ನಿಂತರೆ ನಾನು ಹೇಳಿದ್ದು ನಿಜ."

ಲೈನ್‌ಮನ್ ಎರಡು ಕೇಬಲ್ ತಂದು ಒಂದಕ್ಕೊಂದು ಕಚ್ಚಿಸಿದರು. ಬಣ್ಣಕ್ಕೆ ಗೀರಾಗದಿರಲೆಂದು ಹೆಂಡತಿ ಚಾವಣಿಯ ಮೇಲೆ ಕಂಬಳಿ ಹೊದಿಸಿದಳು. ಕೇಬಲ್ಲು ತೆರೆದ ಬಾನೆಟ್ಟಿನಿಂದ ಹೊರಟು, ಕಂಬಳಿಯ ಮೇಲೆ ಹಾದು, ತೆರೆದ ಡಿಕ್ಕಿಗೆ ಇಳಿಯಿತು. ಕಾರು ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ ರೋಗಿಯಂತೆ ಕಂಡಿತು. ಎಂಜಿನ್ ಹಚ್ಚಿದರು.

ದುಂಬಿ ಇರಲಿಲ್ಲ. ಹಿರಿಯರ ಕಂಠ ತಗ್ಗಿಗೆ ಇಳಿಯಿತು. ಇಳಿದು, ಮಾಯವಾಗದೆ, ನೆಲದೊಳಗಿಂದ ಬರುವ ನೀರಿನ ಸದ್ದಿನಂತೆ ಎಲ್ಲರ ಅಂಗಾಲಿಗೆ ತಾಗಿತು. ಟೀಚರಮ್ಮ ಸೌಟು ಇಳಿಸಿ ಕಣ್ಣು ಮುಚ್ಚಿದರು. ಪಂಚಮ ಹೋದದ್ದನ್ನು ಆ ಕ್ಷಣದಲ್ಲಿ ಕ್ಷಮಿಸಿದರು.

"ಆಯ್ತಲ್ಲ!" ಎಂದರು ಲೈನ್‌ಮನ್. "ಹೀಗೇ ಹೋಗಿ ಕರ್ಕೊಂಡು ಬನ್ನಿ."

"ಬಾನೆಟ್ಟು ತೆರ್ಕೊಂಡು, ಡಿಕ್ಕಿ ತೆರ್ಕೊಂಡು, ಕಂಬಳಿ ಹೊದ್ದುಕೊಂಡಾ?"

"ನಿಧಾನಕ್ಕೆ ಹೋಗಿ ಅಂದೆ."

ಮೂರು ಗಂಟೆಯಾಗಿತ್ತು. ಅಳಿಯ ಜೇಬಿನಿಂದ ಒಂದು ನಾಣ್ಯ ತೆಗೆದ. ಹೆಂಡತಿ ಟಾರ್ಚ್ ಹಿಡಿದಳು. "ರೀ, ಈ ಏಳು ಕೋಟು ಬಳಿಯೋಕೆ ಅಪ್ಪ ಮೂರು ತಿಂಗಳು ತಗೊಂಡಿದ್ರು."

"ಗೊತ್ತು. ಸುಮ್ನಿರು."

ಬೋಲ್ಟು ಬಿಚ್ಚಿ, ದೇವರನ್ನು ನೆನೆದು, ಕಣ್ಣು ಮುಚ್ಚಿ ನಾಣ್ಯದ ಅಂಚಿನಿಂದ ಕೆರೆದ. ಏನೂ ಆಗಲಿಲ್ಲ, ಬಣ್ಣ ಮಾವನಷ್ಟೇ ಗಟ್ಟಿಯಾಗಿತ್ತು. ಕಣ್ಣು ಬಿಟ್ಟು ಕೆರೆದ. ಕಡೆಗೆ ಒಂದು ದಪ್ಪ ಚಕ್ಕೆ ಬಿಲ್ಲೆಯಂತೆ ಎದ್ದು ಬಂತು. ಅದರಡಿಯಲ್ಲಿ ಲೋಹ, ಹೊಸ ಹಲ್ಲಿನಂತೆ ಹೊಳೆಯಿತು. ಸುತ್ತ ನೀಟಾಗಿ ಉಜ್ಜಿ, ತಂತಿಯ ಉಂಗುರ ಕೂರಿಸಿ, ಬೋಲ್ಟು ಬಿಗಿದು, ಮೇಲೆ ಮ್ಯಾಟು ಎಳೆದ. ಮುಂದೆಂದಾದರೂ ಅಂಟಿಸಬಹುದೆಂಬ ಆಸೆಯಿಂದ ಚಕ್ಕೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಎಂಜಿನ್ ಹಚ್ಚಿದರೆ ದುಂಬಿಯ ಸುಳಿವಿಲ್ಲ.

ಮುಖ ತೊಳೆಯಲೂ ನಿಲ್ಲದೆ ಕಣ್ಣಿನ ಆಸ್ಪತ್ರೆಗೆ ಹೊರಟ.

ಮಾವ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಮುಖದ ಮೇಲೆ ಅಂಗೈಯಗಲದ ಕಪ್ಪು ಕನ್ನಡಕ. ಅತ್ತೆ ಅವರ ತೋಳು ಹಿಡಿದಿದ್ದರು. "ಮನೆ ಸೇರೋವರೆಗೂ ಕನ್ನಡಕ ತೆಗೀಬೇಡಿ ಅಂದಿದಾರೆ ಡಾಕ್ಟರು" ಎಂದರು ಅತ್ತೆ. ಆ ಡಾಕ್ಟರನ್ನೂ ಅಳಿಯ ಮನಸಾರೆ ಹರಸಿದ.

ಕಾರು ಹೊರಟಿತು. ಪದ್ಯ ಶುರುವಾಯಿತು. ಮೊದಲ ತಿರುವಿನಲ್ಲಿ ಮಾವನ ಬೆರಳು ತೊಡೆಯ ಮೇಲೆ ಲಯ ಹಿಡಿಯಿತು. ಕಂಠ ತಗ್ಗಿಗೆ ಇಳಿದಾಗ ಬೆರಳು ನಿಂತಿತು. ಕಪ್ಪು ಕನ್ನಡಕದಡಿಯಿಂದ ಒಂದು ಹನಿ ಜಾರಿ ಮೀಸೆಯಲ್ಲಿ ತಂಗಿತು.

"ಕಣ್ಣಿಗೆ ನೀರು ಬರಬಾರದಂತೆ" ಎಂದು ಅತ್ತೆ ಗದರಿದರು.

"ಇದು ಕಣ್ಣಿಂದ ಬಂದದ್ದಲ್ಲ ಕಣೇ" ಎಂದರು ಮಾವ. ಆಮೇಲೆ ಮೆಲ್ಲಗೆ, "ಅಳಿಯಂದ್ರೇ, ಬಾವಿಯಿಂದ ಮೇಲಕ್ಕೆತ್ತಿದಿರಿ ಕಣ್ರೀ ಅವರನ್ನ."

ಅಳಿಯನ ಎದೆಯಿಂದ ಬೆಳಗಿನ ಭಾರವೆಲ್ಲ ಇಳಿದು ಹೋಯಿತು. ಎಷ್ಟು ಹಗುರಾಯಿತೆಂದರೆ ಸೀಟ್ ಬೆಲ್ಟು ಇಲ್ಲದಿದ್ದರೆ ತಲೆ ಚಾವಣಿಗೆ ತಾಗುತ್ತಿತ್ತೇನೋ.

ಮನೆಯ ಮುಂದೆ ಬೀದಿಯ ಸಮಿತಿ ಸೇರಿತ್ತು. ಮಾವ ನೆರಳಿನಲ್ಲಿ ಇಳಿದು, "ಆ ದನಿ ಪೆಟ್ಟಿಗೆ ತೋರಿಸಿ, ಒಂದ್ಸಲ ಮುಟ್ತೀನಿ" ಎಂದರು. ಡಿಕ್ಕಿ ತೆರೆದದ್ದಾಯಿತು. ಮುಟ್ಟಿದ್ದೂ ಆಯಿತು. ಇನ್ನೇನು ಮುಚ್ಚಬೇಕು, ಲೈನ್‌ಮನ್ ಹೆಮ್ಮೆ ತಡೆಯಲಾರದೆ ಕೈ ಹಾಕಿ ಮ್ಯಾಟನ್ನು ಎತ್ತಿಬಿಟ್ಟರು.

"ಪೆಟ್ಟಿಗೆ ಏನು ಮಹಾ, ಅರ್ತಿಂಗ್ ನೋಡಿ! ಬಣ್ಣ ಹೇಗೆ ಕೆರೆದಿದಾರೆ ನೋಡಿ, ಒಳ್ಳೆ ಕನ್ನಡಿ!"

ಹೆಂಡತಿ ಸೆರಗಿನ ತುದಿ ಬಾಯಿಗೆ ಹಿಡಿದಳು. ಮಾವ ನಿಧಾನವಾಗಿ ಕಪ್ಪು ಕನ್ನಡಕ ತೆಗೆದರು. ಬಗ್ಗಿದರು. ಬಹಳ ಹೊತ್ತು ನೋಡಿದರು. ಅಳಿಯನ ಕೈ ಕೇಳದೆಯೇ ಜೇಬಿಗೆ ಹೋಗಿ ಕೀಲಿ ತೆಗೆಯಿತು. ಕೀಲಿಯ ಜೊತೆ ಚಕ್ಕೆಯೂ ಬಂತು.

"ಯಾರು ಕೆರೆದದ್ದು?"

"ನಾನೇ, ಮಾವ. ತಪ್ಪಾಯ್ತು."

ಮಾವ ಚಕ್ಕೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ತಿರುಗಿಸಿದರು. ಆಮೇಲೆ ತಲೆಯೆತ್ತಿ ಕಾರನ್ನು ನೋಡಿದರು. ಒಂದು ಸುತ್ತು ಬಂದರು. ಕುಂಚದ ಗೆರೆಗಳನ್ನೂ, ಬಾಗಿಲಿನ ಮೇಲೆ ಇಳಿದು ಗಟ್ಟಿಯಾದ ಕಣ್ಣೀರಿನಂಥ ಹನಿಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿದರು.

"ಇದನ್ನ ಬಳಿದ ದರಿದ್ರ ಯಾವನು?"

ಎಂಟು ವರ್ಷದಿಂದ ಏನೂ ಹೇಳದಿದ್ದ ಅತ್ತೆ ಹೇಳಿದರು: "ನೀವೇ."

"ನಾನಾ? ಇದಾ? ಇದು ನವಿಲಿನ ಕೊರಳಾ?"

"ನಾವು ಕೊಳೆತ ಬದನೆಕಾಯಿ ಅಂತಿದ್ವಿ ಸಾರ್" ಎಂದರು ಲೈನ್‌ಮನ್, ಒಳಗಿದ್ದ ಗಾಳಿ ಬಿಟ್ಟವರಂತೆ.

"ನಾನು ಹಾಗೆಲ್ಲ ಅಂದವಳಲ್ಲಪ್ಪ" ಎಂದರು ಟೀಚರಮ್ಮ. "ಬಿದ್ದು ಪೆಟ್ಟಾಗಿ ಮೂರು ದಿನ ಆದ ಮಂಡಿ ಥರ ಇದೆ ಅಂತಿದ್ದೆ, ಅಷ್ಟೇ."

ಮಾವ ಮೆಟ್ಟಿಲ ಮೇಲೆ ಕೂತರು. "ಪೊರೆ ಹತ್ತು ವರ್ಷದ್ದು ಅಂದ್ರು ಡಾಕ್ಟರು. ಕಾರು ಬಳಿದದ್ದು ಎಂಟು ವರ್ಷದ ಹಿಂದೆ. ಅಯ್ಯೋ ದೇವರೇ, ಇದರಲ್ಲಿ ಕೂತು ನಾನು ಮದುವೆಗಳಿಗೆಲ್ಲ ಹೋದೆನಲ್ಲ!" ಎಂದು, ನಗತೊಡಗಿದರು. ಮೊದಲು ಮೀಸೆ ನಕ್ಕಿತು, ಆಮೇಲೆ ಭುಜ. ಬೀದಿಯೂ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅಳಿಯ ನಕ್ಕ. ಬದುಕಿಕೊಂಡೆ ಎಂಬ ನಗು ಅದು, ಸುಲಭಕ್ಕೆ ನಿಲ್ಲುವಂಥದಲ್ಲ.

"ಇಡೀ ಕಾರಲ್ಲಿ ಕಣ್ಣಿಟ್ಟು ನೋಡೋ ಹಾಗಿರೋ ಜಾಗ ಇದೊಂದೇ" ಎಂದು ಮಾವ ಡಿಕ್ಕಿಯ ಹೊಳೆವ ನಾಣ್ಯದ ಕಡೆ ಬೆರಳು ತೋರಿದರು. "ಕೈ ಚೆನ್ನಾಗಿದೆ ನಿಮ್ಮದು. ಕೀಲಿ ಇಲ್ಲಿ ಕೊಡಿ."

ಅಳಿಯನ ನಗು ನಿಂತಿತು. "ಮಾವ?"

"ಕಾರು ಇನ್ನು ಆರು ತಿಂಗಳು ಬೀದಿಗೆ ಇಳಿಯಲ್ಲ. ಈ ಅವತಾರದಲ್ಲಿ ಅದನ್ನ ಹೊರಗೆ ಬಿಡೋಕಾಗತ್ತಾ? ಬರೋ ಭಾನುವಾರದಿಂದ ಶುರು ಮಾಡಿ. ಎಲ್ಲ ಕಡೆ ಇಷ್ಟೇ ನೀಟಾಗಿ ಕೆರೀಬೇಕು. ಉಪ್ಪುಕಾಗದ ನಾನು ತರಿಸ್ತೀನಿ. ಪೆಟ್ಟಿಗೆ ಬಿಚ್ಚಿ ಜಗಲಿ ಮೇಲಿಡಿ, ನೀವು ಕೆರೀತಿರಿ, ನಾನು ಪದ್ಯ ಕೇಳ್ತಾ ನೋಡ್ಕೊಂಡಿರ್ತೀನಿ."

ಬಸ್ಸಿನ ಕಂಬ ಅಳಿಯನ ಅಂಗೈಗೆ ತಣ್ಣಗೆ ತಾಗಿದಂತಾಯಿತು. ಆದರೂ ಬೈಗುಳವಿಲ್ಲ, ಮುನಿಸಿಲ್ಲ. ಆರು ತಿಂಗಳು ತಾನೇ, ಕಳೆಯುತ್ತದೆ. ಅವನು ಹಗುರಾಗಿಯೇ ಉಸಿರು ಬಿಟ್ಟ.

"ಆಮೇಲೆ ನೋಡಿ ನನ್ನ ಕೈ!" ಮಾವ ಹೊಸ ಕಣ್ಣು ಅರಳಿಸಿ ಎದ್ದು ನಿಂತರು. "ಈ ಸಲ ನಿಜವಾದ ನವಿಲಿನ ಕೊರಳು. ಏಳಲ್ಲ, ಹತ್ತು ಕೋಟು. ಡಿಕ್ಕಿ ಒಳಗೂ. ಬೋಲ್ಟಿಗೂ. ಒಂದು ಸಾಸಿವೆ ಕಾಳಷ್ಟು ಜಾಗ ಬಿಡಲ್ಲ."

ಅಳಿಯ ಡಿಕ್ಕಿಯೊಳಗೆ ಬಗ್ಗಿ, ಹೊಳೆಯುತ್ತಿದ್ದ ಲೋಹದ ಮೇಲೆ ಹೆಬ್ಬೆರಳಿಟ್ಟ.

"ಮಾವ, ಒಂದು ನಾಣ್ಯದಷ್ಟು..."

"ಏನು?"

"ಏನಿಲ್ಲ ಮಾವ" ಎಂದು, ಬೆರಳು ತೆಗೆದ.