ಪೋಲೆಂಡಿನವನ ಮುಯ್ಯಾಳು

ನನ್ನ ಸೋದರಮಾವನಿಂದ ಉಪಕಾರ ಪಡೆಯುವುದು ಬಹಳ ಸುಲಭ. ಆದರೆ ಅವನಿಗೊಂದು ಉಪಕಾರ ಮಾಡಿ ದಕ್ಕಿಸಿಕೊಂಡವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ! ಮಂಚಿಕೇರಿಯ ನೆಂಟರೊಬ್ಬರು ಒಮ್ಮೆ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಕಾನಸೂರಿನ ಮನೆವರೆಗೆ ಬಿಟ್ಟುಹೋದರು. ಪಾಪ, ಒಳ್ಳೆಯ ಮನುಷ್ಯ. ಮರುವಾರವೇ ಮಾವ ಅವರ ಮನೆಗೆ ಹೋಗಿ, ಬೇಡವೆಂದರೂ ಕೇಳದೆ, ಬಚ್ಚಲ ಒಲೆ ಕಿತ್ತು ಹೊಸದಾಗಿ ಕಟ್ಟಲು ಕೂತ. ಕಟ್ಟಿ ಮುಗಿಯುವವರೆಗೆ ಮನೆಮಂದಿಗೆಲ್ಲ ತಣ್ಣೀರ ಸ್ನಾನ. ಆಮೇಲೆ ಆ ನೆಂಟರು ದಾರಿಯಲ್ಲಿ ಮಾವ ಕಂಡರೆ ಬೈಕನ್ನು ಇನ್ನಷ್ಟು ಜೋರಾಗಿ ಓಡಿಸುತ್ತಿದ್ದರಂತೆ.

ಇದಕ್ಕೆಲ್ಲ ಮೂಲ ನಮ್ಮ ಕಡೆಯ ಮುಯ್ಯಾಳು. ಇವತ್ತು ನೀವು ನಮ್ಮ ಗದ್ದೆಗೆ ಬನ್ನಿ, ನಾಳೆ ನಾವು ನಿಮ್ಮ ಗದ್ದೆಗೆ ಬರುತ್ತೇವೆ, ಕೂಲಿಯ ಮಾತೇ ಇಲ್ಲ. ಊರವರೆಲ್ಲ ನಾಟಿ ಮುಗಿದ ಕೂಡಲೇ ಮರೆಯುವ ಈ ಪದ್ಧತಿಯನ್ನು ಮಾವ ಬೈಕಿಗೂ ಕೊಡೆಗೂ ಒಂದು ಲೋಟ ಮಜ್ಜಿಗೆಗೂ ಹಬ್ಬಿಸಿದ್ದ.

ಅಪ್ಪ ತೀರಿಕೊಂಡ ಮೇಲೆ ನಾನು ಬಂದು ಉಳಿದದ್ದು ಇಂಥವನ ಮನೆಯಲ್ಲಿ! ಉಂಡು ಸುಮ್ಮನೆ ಕೂರಲು ಧೈರ್ಯ ಬಂದೀತೇ? ಅಂಗಳ ಗುಡಿಸಿ, ಪಾತ್ರೆ ತೊಳೆದು, ಮಾವನ ಕಿರಾಣಿ ಅಂಗಡಿಯ ಬಾಗಿಲು ತೆಗೆದು, ಆಮೇಲೆ ಶಿರಸಿಯ ಕಾಲೇಜಿಗೆ ಬಸ್ಸು ಹತ್ತುತ್ತಿದ್ದೆ. ಈ ಮನೆಯ ಋಣ ತೀರಿಸುವುದು ಹೇಗೆಂಬ ಚಿಂತೆ ಮಾತ್ರ ಬಸ್ಸಿನಲ್ಲೂ ಬಿಡುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಜಗತ್ತಿನ ಯಾರ್ಯಾರೋ ಸೇರಿ ಪುಕ್ಕಟೆಯಾಗಿ ಕಟ್ಟುತ್ತಿದ್ದ ಒಂದು ಬರವಣಿಗೆಯ ತಂತ್ರಾಂಶ ನನ್ನ ಹಳೆಯ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಕನ್ನಡ ಬರೆದರೆ ಅಕ್ಷರದ ಕೆಳಗೆ ಕೂರಬೇಕಾದ ಒತ್ತು ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ರಿಪೇರಿ ಮಾಡಬಹುದಂತೆ. ಯಾರೋ ಯಾಕೆ, ನಾನೇ ಮಾಡುತ್ತೇನೆ ಎಂದುಕೊಂಡೆ. ಸೊಕ್ಕು ಅನ್ನಿ, ನನಗೇನೂ ಬೇಸರವಿಲ್ಲ!

ರಿಪೇರಿಗೆ ಅವರು ಪ್ಯಾಚು ಅನ್ನುತ್ತಿದ್ದರು, ಎಂದರೆ ನಮ್ಮ ತೇಪೆ. ಬಂದ ತೇಪೆಗಳನ್ನೆಲ್ಲ ನೋಡಿ ಒಪ್ಪುವವನು ಪೋಲೆಂಡಿನ ಒಬ್ಬ. ನನ್ನ ಮೊದಲ ತೇಪೆಯಿಂದ ಕನ್ನಡ ಸರಿಯಾಗಿ ತಮಿಳು ಕೆಟ್ಟಿತು. ಎರಡನೆಯದರಿಂದ ಎರಡೂ ಕೆಟ್ಟವು. ಅವನು ಬೈಯಲಿಲ್ಲ, ಎಲ್ಲಿ ತಪ್ಪಿದೆ ಎಂದು ತಾಳ್ಮೆಯಿಂದ ಬರೆದು ಕಳಿಸುತ್ತಿದ್ದ. ದೀಪಾವಳಿಗೆ ಹೊಸ ಆವೃತ್ತಿ ಹೊರಬೀಳಲಿತ್ತು. ಅಷ್ಟರೊಳಗೆ ಅವನು ಒಪ್ಪದಿದ್ದರೆ ಕನ್ನಡದ ಒತ್ತಿಗೆ ಇನ್ನೊಂದು ವರ್ಷ ಬೀದಿಯೇ ಗತಿ.

ಇಂಟರ್ನೆಟ್ಟಿಗೆ ಇದ್ದದ್ದು ಅಂಗಡಿಯ ಫೋನಿನ ತಂತಿ. ದಿನಾ ಸಂಜೆ ಅದನ್ನು ನಾನು ಹಿಡಿದುಕೊಂಡರೆ ಮಾವನಿಗೆ ಬರುವ ಫೋನೆಲ್ಲ ಬಂದ್. ಅದನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ. ಆದರೆ ಪೋಲೆಂಡಿನವನ ಸುದ್ದಿ ಕೇಳಿ ಮುಖ ಗಂಭೀರವಾಯಿತು.

"ಅಂವ ಸಂಬಳ ತಗತ್ನಿಲ್ಲೆ, ನಮ್ಮ ನೆಂಟನೂ ಅಲ್ಲ. ಮತ್ತೆ ಹೇಳಿಕೊಡದು ಎಂತಕ್ಕೆ?"

ಅವರಲ್ಲಿ ಹಾಗೇ ಮಾವ, ಎಲ್ಲರೂ ಸೇರಿ ಮಾಡುವ ಕೆಲಸ ಎಂದು ವಿವರಿಸಿದೆ. ಅಲ್ಲೇ ಕೆಟ್ಟದ್ದು!

"ಮುಯ್ಯಾಳು ಅನ್ನು," ಎಂದ ಮಾವ. "ಮೊದ್ಲು ಅವಂಗೆ ಎಂತ ಕೆಲಸ ಇದ್ದು ಕೇಳು. ಇದು ತೀರದೇ ಇನ್ನೊಂದು ಸಹಾಯ ತಗಳದು ಬ್ಯಾಡ."

ಹೇಳಿದ್ದಷ್ಟೇ ಅಲ್ಲ, ಫೋನಿನ ತಂತಿ ಕಿತ್ತು ಜೇಬಿಗೆ ಹಾಕಿಕೊಂಡ! ಮರುದಿನ ಪೋಲೆಂಡಿಗೆ ಜೋನಿಬೆಲ್ಲದ ಡಬ್ಬ ಕಳಿಸಲು ಪೋಸ್ಟಾಫೀಸಿಗೆ ಹೋದ. ದಾರಿಯಲ್ಲಿ ಬೆಲ್ಲ ಸೋರಿದರೆ ಯಾರು ಹೊಣೆ ಎಂದು ಪೋಸ್ಟಿನವರು ಕೈಮುಗಿದರಂತೆ. ಪೋಲೆಂಡಿನಲ್ಲಿ ಆಲೂಗಡ್ಡೆ ಬೆಳೆಯುತ್ತಾರೆಂದು ತಿಳಿದು, ಅಗೆಯುವುದು ತನಗೂ ಬರುತ್ತದೆ, ಹೋಗಿಬರಲು ಎಷ್ಟು ದಿನ ಬೇಕು ಎಂದು ವಿಚಾರಿಸಿದ. ಇತ್ತ ದೀಪಾವಳಿ ಹತ್ತಿರ ಬರುತ್ತಿತ್ತು. ಮಾವನನ್ನು ಗೆಲ್ಲುವುದು ಆಗದ ಮಾತು. ಕೊನೆಗೆ ಶಿರಸಿಯ ಸೈಬರ್ ಕೆಫೆಯಿಂದ ಪೋಲೆಂಡಿನವನಿಗೆ ಇದ್ದದ್ದನ್ನೆಲ್ಲ ಬರೆದೆ.

ಅವನಿಗೆ ನಗು ತಡೆಯಲಾಗಲಿಲ್ಲವಂತೆ. ಆದರೆ ಕೆಲಸ ಕೊಟ್ಟ. ಬಂಗಾಳದ ಒಬ್ಬಳ ಅಕ್ಷರಗಳಿಗೂ ನಿನ್ನ ಕನ್ನಡದ್ದೇ ಕಾಯಿಲೆ, ಅವಳಿಗೆ ನೀನು ಹೇಳಿಕೊಡು, ಅಲ್ಲಿಗೆ ನನ್ನದು ತೀರಿತು ಎಂದಿದ್ದ. ಅವನು ಹೇಳಿದ ಗದ್ದೆಗೆ ಆಳು ಹೋದರೆ ಅವನಿಗೇ ಹೋದ ಹಾಗೆ ಎಂದು ಮಾವನ ತೀರ್ಪಾಯಿತು. ತಂತಿ ವಾಪಸು ಬಂತು. ಬಂಗಾಳದವಳ ಕೆಲಸ ಮುಗಿಯುವವರೆಗೆ ಮಾವ ದಿನಾ ಬೆನ್ನ ಹಿಂದೆ ನಿಂತು ಕಾದ.

ನನ್ನ ತೇಪೆಗೂ ಒಪ್ಪಿಗೆ ಸಿಕ್ಕಿತು. ಹೊಸ ಆವೃತ್ತಿಯಲ್ಲಿ ಮೊದಲು ಮಾವನ ಅಂಗಡಿಯ ಹೆಸರನ್ನೇ ಬರೆದೆ. ಒತ್ತುಗಳೆಲ್ಲ ತಮ್ಮ ಜಾಗದಲ್ಲಿ ಕೂತಿದ್ದವು. ಮಾವ ಕನ್ನಡಕ ಏರಿಸಿ ನೋಡಿ, "ಸರಿ ಇದ್ದು," ಎಂದಷ್ಟೇ ಹೇಳಿ ಸಕ್ಕರೆ ತೂಗಲು ಹೋದ.

ಗೆದ್ದ ಧೈರ್ಯದಲ್ಲಿ ನಾನೂ ಅಂಗಡಿಗೆ ಹೋದೆ. ಇಷ್ಟು ವರ್ಷ ಬಾಯಿಗೆ ಬಾರದ ಮಾತು ಬಂದೇಬಿಟ್ಟಿತು.

"ಮಾವ, ಪೋಲೆಂಡಿನವನದು ತೀರ್ತು. ನಿನ್ನ ಮುಯ್ಯಾಳು ಹಾಂಗೇ ಉಳಕಂಡಿದ್ದು. ಆನು ಎಂತ ಮಾಡಿ ತೀರ್ಸವು?"

ಮಾವ ತಕ್ಕಡಿ ಕೆಳಗಿಟ್ಟ.

"ಮುಯ್ಯಾಳು ಬೇರೆ ಮನೆಯವ್ಕೆ, ಕೂಸೆ," ಎಂದ. "ಇದು ನಿನ್ನ ಮನೆ."

ಗಿರಾಕಿಗಳು ನಿಂತಿದ್ದರು. ಅವರೆದುರೇ ಅತ್ತುಬಿಟ್ಟೆ.